ದೋಣಿಯನ್ನು ಹೊತ್ತು ನಡೆದೆವು

ದೋಣಿಯು ಮನುಷ್ಯನನ್ನು ಹೊರುವುದು ಲೋಕರೂಢಿ. ಮನುಷ್ಯನೇ ದೋಣಿಯನ್ನು ಹೊತ್ತು ಗುಡ್ಡ ಹತ್ತಿ ಇಳಿಯುವ ನಾಡೊಂದಿದೆಯೆಂದರೆ ಕೆಲವರು ನಕ್ಕಾರು. ಹಂಪೆಗೆ ಹೋಗಿಬಂದವರು ಮಾತ್ರ ನಗಲಾರರು. ತುಂಗಭದ್ರೆಯ ದಡದಲ್ಲಿ ಅಂಬಿಗನು ದಿನದ ಕೆಲಸ ಮುಗಿಸಿ, ಹರಿಗೋಲನ್ನು ಬೋರಲು ಮಾಡಿ ಬೆನ್ನು ತಲೆಗಳ ಮೇಲೆ ಹೊತ್ತು ಬಂಡೆಗಳ ನಡುವೆ ಸಾಗುವಾಗ, ದೂರದಿಂದ ನೋಡುವವರಿಗೆ ಎರಡು ಕಾಲುಳ್ಳ ಆಮೆಯೊಂದು ನಡೆದುಹೋಗುತ್ತಿರುವಂತೆ ತೋರುತ್ತದೆ. ಅಂಥ ಆಮೆಗಳದೇ ಒಂದು ರಾಜ್ಯವನ್ನು ನಾನು ನನ್ನ ಅರವತ್ತಮೂರನೆಯ ವಯಸ್ಸಿನಲ್ಲಿ, ಅಮೆರಿಕದ ಉತ್ತರದ ಅಂಚಿನಲ್ಲಿ ಕಂಡೆ. ಕಂಡುದಷ್ಟೇ ಅಲ್ಲ, ನಾಲ್ಕು ದಿನ ನಾನೂ ಅವುಗಳಲ್ಲಿ ಒಬ್ಬನಾಗಿದ್ದೆ.

ವಾಚಕರಿಗೆ ಮೊದಲೇ ಒಂದು ಮಾತು ಅರಿಕೆ ಮಾಡಬೇಕು. ನಾನು ಸಾಹಸಿಯಲ್ಲ. ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಪರರ ಹೊರೆಯನ್ನು ತೂಗಿ, ಬರೆದು, ರಸೀತಿ ಕೊಟ್ಟು ನಿವೃತ್ತನಾದವನು. ಮೂಟೆಯನ್ನು ಕಣ್ಣಿನಲ್ಲಿ ನೋಡಿಯೇ ಅದರ ತೂಕ ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಆದರೆ ನನ್ನ ಹೊರೆಯನ್ನು ನಾನೇ ಹೊತ್ತು ನಡೆದುದು ಕಡಿಮೆ. ನಿಲ್ದಾಣದಲ್ಲಿ ಕೂಲಿಯಾಳುಗಳಿದ್ದರು, ಊರಿನಲ್ಲಿ ಜಟಕಾ ಇತ್ತು, ಆಮೇಲೆ ಆಟೋರಿಕ್ಷಾ ಬಂತು.

2019ರ ಬೇಸಿಗೆಯಲ್ಲಿ ನಾವು ದಂಪತಿಗಳು ಮಿನಿಯಾಪೊಲಿಸ್ ನಗರದಲ್ಲಿ ಮಗನ ಮನೆಯಲ್ಲಿದ್ದೆವು. ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಮಗ ಹೇಳಿದ: “ಅಪ್ಪ, ಮುಂದಿನ ವಾರ ನಾವಿಬ್ಬರೂ ಬೌಂಡರಿ ವಾಟರ್ಸ್‌ಗೆ ಹೋಗುತ್ತಿದ್ದೇವೆ. ನೀವೂ ಬನ್ನಿ. ಮೂರು ರಾತ್ರಿ, ನಾಲ್ಕು ಹಗಲು. ಹೋಟೆಲಿಲ್ಲ, ರಸ್ತೆಯಿಲ್ಲ, ಟೆಲಿಫೋನೂ ನಡೆಯುವುದಿಲ್ಲ.”

“ಕೂಲಿಯಾದರೂ ಸಿಕ್ಕುತ್ತಾನೇನಪ್ಪ?” ಎಂದೆ.

“ಸಿಕ್ಕುತ್ತಾರೆ. ನೀವೇ,” ಎಂದಳು ಸೊಸೆ.

ಮೊಮ್ಮಗುವನ್ನು ನೋಡಿಕೊಳ್ಳಲು ನಮ್ಮ ಮನೆಯಾಕೆ ಉಳಿದಳು. ನಾನು ಹೊರಟೆ.

ಸಾವಿರ ಸರೋವರಗಳ ಕಾಡು

ಮಿನ್ನೆಸೋಟ ರಾಜ್ಯಕ್ಕೂ ಕೆನಡಾ ದೇಶಕ್ಕೂ ನಡುವಣ ಗಡಿಯಲ್ಲಿ ಹತ್ತು ಲಕ್ಷ ಎಕರೆಗಳಿಗೂ ಮಿಗಿಲಾದ ಒಂದು ಕಾಡಿದೆ. ಕಾಡೆನ್ನುವುದಕ್ಕಿಂತ ನೀರೂ ಬಂಡೆಯೂ ಹೆಣೆದುಕೊಂಡ ಚಾಪೆಯೆನ್ನುವುದು ಲೇಸು. ಹಿಮಯುಗದ ನೀರ್ಗಲ್ಲ ರಾಶಿಗಳು ಪುರಾತನ ಶಿಲೆಯನ್ನು ಉಜ್ಜಿ, ಕೊರೆದು, ಕೊನೆಗೆ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಕರಗಿ ಹಿಂಜರಿದಾಗ ಉಳಿದ ತಗ್ಗುಗಳೆಲ್ಲ ಸರೋವರಗಳಾದವು. ಇಂದು ಅಲ್ಲಿರುವ ಸರೋವರಗಳು 1,100ಕ್ಕೂ ಹೆಚ್ಚು. 1964ರಲ್ಲಿ ಅಮೆರಿಕದ ಸಂಸತ್ತು ಮಾಡಿದ ವನ್ಯಪ್ರದೇಶ ಕಾಯಿದೆಯಲ್ಲಿ ಈ ಕಾಡು ಸೇರಿತು. 1978ರಲ್ಲಿ ಇದಕ್ಕೆಂದೇ ಇನ್ನೊಂದು ಕಾಯಿದೆ ಬಂತು. ಹೆಚ್ಚಿನ ಸರೋವರಗಳಲ್ಲಿ ಯಂತ್ರದ ದೋಣಿಗೆ ಪ್ರವೇಶವಿಲ್ಲ. ‘ಕನೂ’ ಎಂಬ ಉದ್ದನೆಯ ಕಿರುದೋಣಿಯಲ್ಲಿ ಕುಳಿತು ಕೈಯಾರೆ ಹುಟ್ಟು ಹಾಕುತ್ತ ಹೋಗಬೇಕು.

ಒಂದು ಸರೋವರ ಮುಗಿದ ಮೇಲೆ ಮುಂದಿನದಕ್ಕೆ ಹೋಗುವುದು ಹೇಗೆ? ಅಲ್ಲಿಯೇ ಆಮೆಯ ಕಥೆ ಪ್ರಾರಂಭವಾಗುವುದು. ದಡಕ್ಕೆ ಇಳಿದು, ಮೂಟೆಗಳನ್ನು ಬೆನ್ನಿಗೇರಿಸಿ, ದೋಣಿಯನ್ನು ಬೋರಲಾಗಿ ಭುಜದ ಮೇಲಿಟ್ಟು ಕಾಡುದಾರಿಯಲ್ಲಿ ನಡೆಯಬೇಕು. ಈ ಕಾಲುದಾರಿಗೆ ‘ಪೋರ್ಟೇಜ್’ ಎಂದು ಹೆಸರು. ಅದರ ಉದ್ದವನ್ನು ಅಲ್ಲಿಯವರು ಗಜದಲ್ಲಾಗಲಿ ಮೀಟರಿನಲ್ಲಾಗಲಿ ಹೇಳದೆ ‘ರಾಡ್’ ಎಂಬ ಹಳೆಯ ಮೋಜಣಿಯ ಅಳತೆಯಲ್ಲಿ ಹೇಳುತ್ತಾರೆ. ಒಂದು ರಾಡೆಂದರೆ ಹದಿನಾರೂವರೆ ಅಡಿ. 320 ರಾಡ್ ಸೇರಿದರೆ ಒಂದು ಮೈಲಿ. ಒಂದು ಕನೂವಿನ ಉದ್ದವೂ ಹೆಚ್ಚುಕಡಿಮೆ ಒಂದು ರಾಡಿನಷ್ಟೇ ಇರುವುದರಿಂದ ಲೆಕ್ಕ ಸುಲಭ. ದೋಣಿಯನ್ನು ಎಷ್ಟು ಸಲ ತಲೆಕೆಳಗಾಗಿ ಉರುಳಿಸಿದಂತಾಯಿತೆಂದು ಮನಸ್ಸಿನಲ್ಲಿಯೇ ಎಣಿಸಬಹುದು.

ಈ ದಾರಿಗಳು ನಿನ್ನೆ ಮೊನ್ನೆಯವಲ್ಲ. ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರು ಭೂರ್ಜವೃಕ್ಷದ ತೊಗಟೆಯನ್ನು ದೇವದಾರಿನಂಥ ಮರದ ಪಕ್ಕೆಲುಬುಗಳಿಗೆ ಹೊಂದಿಸಿ, ಬೇರುಗಳಿಂದ ಹೊಲಿದು, ಹೊಲಿಗೆಗೆ ಮರದ ಅಂಟು ಬಳಿದು ದೋಣಿ ಕಟ್ಟುತ್ತಿದ್ದರು. ಆ ಜಾಣ್ಮೆಯನ್ನೇ ಕಲಿತು ಹದಿನೆಂಟನೆಯ ಶತಮಾನದಲ್ಲಿ ತುಪ್ಪಳದ ವ್ಯಾಪಾರಿಗಳ ಕೂಲಿಯಾಳುಗಳು ಈ ಜಲಮಾರ್ಗದಲ್ಲಿ ಸಂಚರಿಸಿದರು. ಫ್ರೆಂಚ್ ಮಾತನಾಡುತ್ತಿದ್ದ ಅವರನ್ನು ‘ವಾಯಜರ್’ಗಳೆಂದು ಕರೆಯುತ್ತಿದ್ದರು. ಒಂದೊಂದು ಮೂಟೆಯ ತೂಕ 90 ಪೌಂಡು, ಅಂದರೆ ಸುಮಾರು 41 ಕಿಲೋ. ಪೋರ್ಟೇಜಿನಲ್ಲಿ ಒಬ್ಬೊಬ್ಬನು ಅಂಥ ಎರಡು ಮೂಟೆಗಳನ್ನು ಹಣೆಗೆ ಬಿಗಿದ ಪಟ್ಟಿಯ ಆಧಾರದಿಂದ ಹೊರುತ್ತಿದ್ದನು. ‘ಗ್ರ್ಯಾಂಡ್ ಪೋರ್ಟೇಜ್’ ಎಂಬ ಪ್ರಸಿದ್ಧ ದಾರಿಯೊಂದೇ ಎಂಟೂವರೆ ಮೈಲಿ. ಇದನ್ನು ಓದಿದಾಗ ನನಗೆ ನಮ್ಮ ನಿಲ್ದಾಣದ ಹಮಾಲರು ನೆನಪಾದರು. ತಕ್ಕಡಿಯ ಈಚೆ ಕುಳಿತು ಅಂಕಿ ಬರೆಯುತ್ತಿದ್ದ ನನಗೆ, ಆಚೆ ನಿಂತಿದ್ದವರ ಕುತ್ತಿಗೆಯ ನರಗಳು ಅಂದು ಕಂಡಿರಲಿಲ್ಲ.

ತಕ್ಕಡಿಯ ಮುಂದೆ

ಹೊರಡುವ ಹಿಂದಿನ ದಿನ ಮಗನ ಮನೆಯ ನಡುಮನೆ ನನ್ನ ಹಳೆಯ ಕಚೇರಿಯಂತಾಯಿತು. ನೆಲದ ಮೇಲೆ ದೊಡ್ಡ ಜಮಖಾನ, ಅದರ ಮೇಲೆ ಸಾಮಾನುಗಳು, ಮಗನ ಕೈಯಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ. ಅವನ ಲೆಕ್ಕ ಹೀಗಿತ್ತು: ದೋಣಿ 22 ಕಿಲೋ, ಅದನ್ನು ಅವನು ಹೊರುವುದು. ಗುಡಾರ, ಮಲಗುವ ಚೀಲಗಳು ಮತ್ತು ಅವಳ ಬಟ್ಟೆಗಳ ಮೂಟೆ 14 ಕಿಲೋ, ಅದು ಸೊಸೆಯದು. ಅಡುಗೆಯ ಸಾಮಾನಿನ ಮೂಟೆ 15 ಕಿಲೋ, ಅದಕ್ಕೆ ಮಗನೇ ಎರಡನೆಯ ಸಲ ಹಿಂದಿರುಗಿ ಬರುವುದು. ನನ್ನ ಪಾಲಿಗೆ 10 ಕಿಲೋ. “ಒಂದು ಗ್ರಾಮೂ ಹೆಚ್ಚು ಬೇಡ, ಅಪ್ಪ,” ಎಂದ.

ಇಪ್ಪತ್ತು ಅಡಿ ಉದ್ದದ, ಮೂವರು ಕುಳಿತುಕೊಳ್ಳುವ ದೋಣಿಯೊಂದು 22 ಕಿಲೋ ಮಾತ್ರವೇ ಎಂದು ನಾನು ಬೆರಗಾದೆ. ಅದಕ್ಕೊಂದು ಇತಿಹಾಸವುಂಟು. ತೊಗಟೆಯ ದೋಣಿಯ ಬಳಿಕ ಮರಕ್ಕೆ ಕ್ಯಾನ್ವಾಸ್ ಹೊದಿಸಿದ ದೋಣಿ ಬಂತು. ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನ ಮಾಡುತ್ತಿದ್ದ ಗ್ರಮನ್ ಕಾರ್ಖಾನೆಯು ಅದೇ ಅಲ್ಯೂಮಿನಿಯಮ್ ತಗಡಿನಿಂದ ದೋಣಿ ತಯಾರಿಸತೊಡಗಿತು. 1965ರಲ್ಲಿ ಡ್ಯುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಎಂಬಾಕೆ ಕಂಡುಹಿಡಿದ ‘ಕೆವ್ಲಾರ್’ ನೂಲು ಈಗ ದೋಣಿಗೂ ಬಂದಿದೆ. ಗುಂಡು ತಡೆಯುವ ಕವಚಗಳಿಗೆ ಬಳಸುವ ನೂಲೂ ಇದೇ.

ಆಹಾರದ ವಿಷಯದಲ್ಲಿ ನಮ್ಮವರನ್ನು ಮೀರಿಸುವವರಿಲ್ಲವೆಂದು ಅಂದು ನನಗೆ ಮನದಟ್ಟಾಯಿತು. ಅಲ್ಲಿಯ ಅಂಗಡಿಗಳಲ್ಲಿ ನೀರು ಬತ್ತಿಸಿದ ಊಟದ ಪೊಟ್ಟಣಗಳನ್ನು ಬಹು ದುಬಾರಿಗೆ ಮಾರುತ್ತಾರೆ. ಸೊಸೆ ಜೋಡಿಸಿದುದು ತೆಳು ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಪುಡಿ, ಹುರಿಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ, ಬೆಲ್ಲ, ಹಾಲಿನ ಪುಡಿ. ನೀರು ಸರೋವರದಲ್ಲಿದೆ, ಅದನ್ನು ಹೊತ್ತುಕೊಂಡು ಹೋಗುವುದೇಕೆ? ಕುಡಿಯುವ ನೀರಿಗೆ ಅಂಗೈಯಗಲದ ಒಂದು ಶೋಧಕ ಸಾಕು. ಹೊರೆ ಹಗುರಾಗಬೇಕಾದರೆ ಮೊದಲು ನೀರನ್ನು ಬಿಡಬೇಕೆಂಬ ಸೂತ್ರವು ಯಾತ್ರೆಗೆ ಹುರಿಹಿಟ್ಟು ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಅಜ್ಜಿಯರಿಗೆ ತಿಳಿದಿತ್ತು.

ನಮ್ಮ ಮನೆಯಾಕೆ ಬೆಂಗಳೂರಿನಿಂದ ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಸೀಸೆಯನ್ನು ಜಮಖಾನದ ಮೇಲೆ ತಂದಿಟ್ಟಳು. ಮಗ ಕೈಮುಗಿದ: “ಅಮ್ಮಾ, ಆ ಕಾಡಿನಲ್ಲಿ ಆಹಾರದ ಗಾಜಿನ ಸೀಸೆಗೂ ತಗಡಿನ ಡಬ್ಬಿಗೂ ಸರ್ಕಾರದ ನಿಷೇಧವಿದೆ.” ಅವಳು ಆ ಸರ್ಕಾರವನ್ನು ನಾಲ್ಕು ಮಾತು ಆಡಿ, ಎಂಟು ಮಿಡಿಗಳನ್ನು ಪ್ಲಾಸ್ಟಿಕ್ ಕರಡಿಗೆಗೆ ವರ್ಗಾಯಿಸಿದಳು.

ಇನ್ನು ನನ್ನ ಸರದಿ. ನಾನು ತಂದಿಟ್ಟ ಸಾಮಾನಿನಲ್ಲಿ ಮಗ ಮೂರನ್ನು ಪಕ್ಕಕ್ಕೆ ಸರಿಸಿದ: ಸ್ಟೀಲಿನ ಕಾಫಿ ಫಿಲ್ಟರು, 350 ಗ್ರಾಂ, ಹಿತ್ತಾಳೆಯ ಚೊಂಬು, 600 ಗ್ರಾಂ, ಅರ್ಧ ಓದಿದ್ದ ದಪ್ಪ ಕಾದಂಬರಿ, 650 ಗ್ರಾಂ. ಅವುಗಳ ಜಾಗದಲ್ಲಿ ಅವನು ಇಟ್ಟುದು ಮಳೆಯ ಷರಾಯಿ, ಉಣ್ಣೆಯ ಸ್ವೆಟರು, ಉಣ್ಣೆಯ ಒಳಷರಾಯಿ, ಎರಡು ಜೊತೆ ಉಣ್ಣೆಯ ಕಾಲುಚೀಲ, ಬಿಡಾರದಲ್ಲಿ ಹಾಕಿಕೊಳ್ಳಲು ಒಣ ಜೋಡು. ತಕ್ಕಡಿಯ ಮುಳ್ಳು 10 ಕಿಲೋ ತೋರಿಸಿತು. “ಇಷ್ಟೇ,” ಎಂದು ಅವನು ಬೇರೆ ಕೆಲಸಕ್ಕೆ ಹೋದ.

ಅಂದು ಹೊರಗೆ ಸೆಕೆಯಿತ್ತು. ಹಲ್ಲುಜ್ಜಿದ ಕೂಡಲೇ ಫಿಲ್ಟರ್ ಕಾಫಿಯಿಲ್ಲದೆ ನಲವತ್ತು ವರ್ಷಗಳಲ್ಲಿ ಒಂದು ದಿನವನ್ನೂ ಪ್ರಾರಂಭಿಸದ ನನಗೆ, ಈ ಸೆಕೆಯಲ್ಲಿ ಉಣ್ಣೆಯೇಕೆ ಎನಿಸಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಬಂದೆ. ಮಗ ಇಟ್ಟ ಐದು ಬಾಬತ್ತನ್ನೂ ತೆಗೆದು ತೂಗಿದೆ: 1,600 ಗ್ರಾಂ. ನನ್ನ ಮೂರು ಸಾಮಾನನ್ನು ತೂಗಿದೆ: 1,600 ಗ್ರಾಂ! ದೈವವೇ ಅನುಮತಿ ಕೊಟ್ಟಂತಾಯಿತು. ಉಣ್ಣೆಯನ್ನು ಹಾಸಿಗೆಯ ಕೆಳಗೆ ತಳ್ಳಿ, ಚೊಂಬು, ಫಿಲ್ಟರು, ಕಾದಂಬರಿಗಳನ್ನು ಮೂಟೆಯ ತಳದಲ್ಲಿಟ್ಟೆ.

ಬೆಳಿಗ್ಗೆ ಮಗ ಮತ್ತೊಮ್ಮೆ ತೂಗಿದ. ಮುಳ್ಳು ಅದೇ 10 ಕಿಲೋ. ತಕ್ಕಡಿಗೆ ಸುಳ್ಳು ಹೇಳಲು ಬಾರದು, ತಕ್ಕಡಿಯ ಮುಂದೆ ನಿಂತವನು ಹೇಳಬಲ್ಲ. ಒಳಗೊಂದು ವಸ್ತುವಿಟ್ಟು ಚೀಟಿಯಲ್ಲಿ ಇನ್ನೊಂದು ಬರೆದ ಗಿರಾಕಿಗಳಿಗೆ ನನ್ನ ಕೈಯಾರೆ ದಂಡ ಹಾಕಿದ್ದೆನೆಂಬುದು ಆಗ ನೆನಪಿಗೆ ಬರಲಿಲ್ಲ.

ಮೊದಲ ದಿನ

ಈಲಿ ಎಂಬ ಸಣ್ಣ ಊರು ಆ ಕಾಡಿನ ಬಾಗಿಲು. ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಅಲ್ಲಿ ಅರಣ್ಯ ಇಲಾಖೆಯವರು ರಹದಾರಿ ಕೊಡುವ ಮುನ್ನ ನಿಯಮಗಳನ್ನು ವಿವರಿಸುತ್ತಾರೆ. ಒಂದು ತಂಡದಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚಿರಬಾರದು, ದೋಣಿಗಳು ನಾಲ್ಕನ್ನು ಮೀರಬಾರದು. ಗೊತ್ತುಮಾಡಿದ ತಾಣದಲ್ಲಿಯೇ ಬಿಡಾರ, ಕಬ್ಬಿಣದ ಒಲೆಯಲ್ಲಿಯೇ ಬೆಂಕಿ. ಆಹಾರದ ಮೂಟೆಯನ್ನು ರಾತ್ರಿ ಕರಡಿಗೆ ಎಟುಕದಂತೆ ಮರದಿಂದ ಎತ್ತರಕ್ಕೆ ತೂಗಿಸಬೇಕು, ಇಲ್ಲವೇ ಕರಡಿ ತೆರೆಯಲಾಗದ ಪೀಪಾಯಿಯಲ್ಲಿಡಬೇಕು. ಒಯ್ದ ಕಸವನ್ನೆಲ್ಲ ಹಿಂದಕ್ಕೆ ತರಬೇಕು.

ಮೂಸ್ ಸರೋವರದ ದಡದಲ್ಲಿ ದೋಣಿಯನ್ನು ನೀರಿಗಿಳಿಸಿದೆವು. ಕೆವ್ಲಾರ್ ಹಗುರವಾದರೂ ಕಲ್ಲಿಗೆ ಉಜ್ಜಬಾರದು. ಆದುದರಿಂದ ಮೊಣಕಾಲುದ್ದ ನೀರಿನಲ್ಲಿ ನಿಂತೇ ಹತ್ತಬೇಕು, ನಿಂತೇ ಇಳಿಯಬೇಕು. ಪ್ರಯಾಣದ ಮೊದಲ ನಿಮಿಷದಲ್ಲಿಯೇ ಜೋಡು ಒದ್ದೆಯಾಗುತ್ತದೆ, ಕೊನೆಯ ನಿಮಿಷದವರೆಗೂ ಒದ್ದೆಯಾಗಿಯೇ ಇರುತ್ತದೆ. ಒಣ ಜೋಡು ಯಾತಕ್ಕೆಂಬುದು ಆ ಸಂಜೆಯೇ ತಿಳಿಯಿತು.

ಆದರೂ ಆ ದಿನದ ಸೊಗಸನ್ನು ಏನೆಂದು ವರ್ಣಿಸಲಿ! ಮೂಸ್ ಮುಗಿದು ನ್ಯೂಫೌಂಡ್, ಅಲ್ಲಿಂದ ಒಂದು ಚಿಕ್ಕ ಪೋರ್ಟೇಜ್ ದಾಟಿ ಸ್ಪ್ಲ್ಯಾಷ್, ಆಮೇಲೆ ಎನ್‌ಸೈನ್. ಎರಡು ಮಗ್ಗುಲಲ್ಲೂ ಪೈನ್ ಮರಗಳು. ನೀರು ಎಷ್ಟು ನಿಶ್ಚಲವೆಂದರೆ, ಮರ ಎಲ್ಲಿ ಮುಗಿದು ನೆರಳು ಎಲ್ಲಿ ತೊಡಗುವುದೆಂದು ಹೇಳಲಾಗದು. ಮೂರು ಹುಟ್ಟುಗಳಿಂದ ತೊಟ್ಟಿಕ್ಕುವ ಹನಿಗಳ ಸದ್ದೊಂದೇ. ಕತ್ತಲಾದ ಮೇಲೆ ಲೂನ್ ಎಂಬ ನೀರುಹಕ್ಕಿ ಕೂಗಿತು. ನಗುವಿಗೂ ಅಳುವಿಗೂ ನಡುವಣ ಆ ಕೂಗನ್ನು ಎದುರು ದಡದ ಇನ್ನೊಂದು ಹಕ್ಕಿ ಎತ್ತಿಕೊಂಡಿತು.

ಬೆಂಕಿಯ ಮುಂದೆ ಮಗ ಒಂದು ಕಥೆ ಹೇಳಿದ. ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬುವನು ಪೆನ್ಸಿಲ್ವೇನಿಯದ ಒಬ್ಬ ಚಪ್ಪಲಿ ಹೊಲಿಯುವವ. ಗಿಡ್ಡ ಆಳು, ಮೈಯಲ್ಲಿ ರೋಗ, ಕೈಯಲ್ಲಿ ಹಣವಿಲ್ಲ. ಕೂಲಿಯ ಮಾರ್ಗದರ್ಶಿಯನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದೆ, ತಾನೇ ಹೊರಬಲ್ಲಷ್ಟು ಹಗುರಾದ ದೋಣಿ ಬೇಕೆಂದು ರಷ್ಟನ್ ಎಂಬ ಕುಶಲಕರ್ಮಿಯಿಂದ ಹತ್ತೂವರೆ ಪೌಂಡಿನ, ಎಂದರೆ ಐದು ಕಿಲೋವನ್ನೂ ಮುಟ್ಟದ, ಮರದ ದೋಣಿಯೊಂದನ್ನು ಮಾಡಿಸಿದ. 1883ರಲ್ಲಿ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಅದರಲ್ಲಿಯೇ ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಕಾಡಿನ 266 ಮೈಲಿಗಳನ್ನು ಒಬ್ಬನೇ ಸುತ್ತಿಬಂದ. ಹಗುರಾಗಿ ಹೋಗಿರೆಂದು ಅವನು ಬರೆದ ಪುಸ್ತಕವೇ ಮುಂದಿನವರಿಗೆ ಕೈದೀವಿಗೆಯಾಯಿತು.

“ಹಗುರಾಗಿ ಹೋಗುವುದೆಂದರೆ ಎಲ್ಲವನ್ನೂ ಬಿಡುವುದಲ್ಲ, ಮಾವ,” ಎಂದಳು ಸೊಸೆ. “ಯಾವುದನ್ನು ಬಿಡಬಾರದೆಂದು ತಿಳಿಯುವುದು.”

ನಾನು ಹೌದಮ್ಮ ಎಂದು ತಲೆದೂಗಿ, ಒದ್ದೆ ಜೋಡನ್ನು ಬೆಂಕಿಗೆ ಹತ್ತಿರ ಸರಿಸಿದೆ.

180 ರಾಡ್

ಎರಡನೆಯ ಬೆಳಿಗ್ಗೆ ಆಕಾಶ ಬೂದಿಯಾಗಿತ್ತು. ಗಾಳಿ ತಿರುಗಿತ್ತು. “ಇವತ್ತು ಇಲ್ಲಿಯೇ ನಿಲ್ಲೋಣವೇ?” ಎಂದು ಮಗ ಕೇಳಿದ. “ಎಂಥ ಮಳೆ! ಮಲೆನಾಡಿನ ಮಳೆ ಕಂಡವನು ನಾನು,” ಎಂದೆ. ಮಲೆನಾಡಿನ ಮಳೆಗೆ ಈ ಚಳಿಯಿಲ್ಲವೆಂಬುದನ್ನು ಮರೆತಿದ್ದೆ.

ಎನ್‌ಸೈನ್ ದಾಟುವಷ್ಟರಲ್ಲಿ ಅಲೆಗಳೆದ್ದು ದೋಣಿಯೊಳಕ್ಕೆ ನೀರು ಸಿಡಿಯಿತು. ವೀರಾ ಸರೋವರದ ಪೋರ್ಟೇಜ್ ಮುಟ್ಟಿದಾಗ ಮಳೆ ಧೋ ಎಂದು ಹಿಡಿಯಿತು. 180 ರಾಡ್, ಸುಮಾರು ಒಂಬೈನೂರು ಮೀಟರ್, ಮೊದಲಿಗೇ ಏರು. ಮಗ ದೋಣಿಯನ್ನು ಭುಜಕ್ಕೇರಿಸಿಕೊಂಡು ಮುಂದೆ ಹೋದ, ಸೊಸೆ ಅವನ ಹಿಂದೆ. ನನಗೆ ಮಳೆಯಂಗಿಯಿತ್ತು. ಸೊಂಟದ ಕೆಳಗೆ ಹತ್ತಿಯ ಷರಾಯಿ ತೊಯ್ದು ತೊಡೆಗೆ ಅಂಟಿತ್ತು. ಒದ್ದೆಯಾದ ಹತ್ತಿ ಮೈಯ ಕಾವನ್ನು ಹೀರುತ್ತದೆ, ಉಣ್ಣೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಇದನ್ನು ಮಗ ಮನೆಯಲ್ಲಿಯೇ ಹೇಳಿದ್ದ.

ಏರಿನ ಮೇಲ್ತುದಿಯಲ್ಲಿ ಕಲ್ಲು ಜಾರಿತು. ಮೂಟೆಯ ಸಮೇತ ಕೆಸರಿನಲ್ಲಿ ಕುಳಿತೆ. ಪೆಟ್ಟೇನೂ ಬಿದ್ದಿರಲಿಲ್ಲ. ಆದರೆ ಏಳಬೇಕೆಂದು ನೋಡಿದರೆ ಮೊಣಕಾಲು ನಡುಗುತ್ತಿತ್ತು, ಹಲ್ಲು ಕಟಕಟನೆ ಕಡಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಕುಳಿತೆನೋ ಅರಿಯೆ. ಎರಡನೆಯ ಮೂಟೆಗೆಂದು ಹಿಂದಿರುಗಿ ಬರುತ್ತಿದ್ದ ಮಗ ನನ್ನನ್ನು ಕಂಡ. ಮುಖ ನೋಡಿದ, ಷರಾಯಿ ಮುಟ್ಟಿ ನೋಡಿದ.

“ನಿಮ್ಮ ಮಳೆಯ ಷರಾಯಿ ಎಲ್ಲಿ, ಅಪ್ಪ?”

“ಮನೆಯಲ್ಲಿದೆ.”

“ಸ್ವೆಟರು?”

ನಾನು ಮಾತಾಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಅಲ್ಲಿಯೇ ಮಳೆಯಲ್ಲಿ ನಿಂತು ತನ್ನ ಮಳೆಯಂಗಿ ಬಿಚ್ಚಿ, ಒಳಗಿನ ಉಣ್ಣೆಯ ಸ್ವೆಟರನ್ನು ತೆಗೆದು ನನಗೆ ತೊಡಿಸಿದ. ತನ್ನ ಮಳೆಯ ಷರಾಯಿಯನ್ನು ಕಳಚಿ ನನಗೆ ಹಾಕಿಸಿದ. ಚಿಕ್ಕವನಿದ್ದಾಗ ನಾನು ಅವನಿಗೆ ಶಾಲೆಯ ಉಡುಪು ತೊಡಿಸುತ್ತಿದ್ದಂತೆಯೇ ಒಂದೊಂದು ಗುಂಡಿಯನ್ನೂ ಹಾಕಿದ. ನನ್ನ ಮೂಟೆಯನ್ನು ಬೆನ್ನಿಗೇರಿಸಿ ನನ್ನನ್ನು ಕೈಹಿಡಿದು ಆಚೆಯ ದಡಕ್ಕೆ ಮುಟ್ಟಿಸಿ, ತೆಳುವಾದ ಅಂಗಿಯ ಮೇಲೆ ಮಳೆಯಂಗಿಯೊಂದನ್ನೇ ಹಾಕಿಕೊಂಡು ಅಡುಗೆಯ ಮೂಟೆಗಾಗಿ ಮತ್ತೆ 180 ರಾಡ್ ಹಿಂದಕ್ಕೆ ಹೋದ.

ವೀರಾ ಸರೋವರದಲ್ಲಿ ಎದುರುಗಾಳಿಗೆ ಹುಟ್ಟು ಹಾಕಿ ಬಿಡಾರದ ಜಾಗ ಮುಟ್ಟಿದಾಗ ನನಗೆ ಮೈ ಬೆಚ್ಚಗಾಗಿತ್ತು. ಮಗ ಗುಡಾರದ ಹಗ್ಗದ ಗಂಟನ್ನು ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ. ಬೆರಳುಗಳು ಬಗ್ಗುತ್ತಿರಲಿಲ್ಲ. ಏನೋ ಹೇಳಲು ಹೋದ, ಮಾತು ತೊದಲಿತು. ಸೊಸೆ ಒಂದು ಕ್ಷಣ ಅವನನ್ನು ದಿಟ್ಟಿಸಿ ನೋಡಿ ನನ್ನತ್ತ ತಿರುಗಿದಳು. “ಮಾವ, ಒಲೆ ಹಚ್ಚಿ. ನೀರು ಕಾಯಿಸಿ. ಬೇಗ.” ಅವಳ ದನಿಯಲ್ಲಿ ಅಂಥ ಗಡಸನ್ನು ನಾನು ಎಂದೂ ಕೇಳಿರಲಿಲ್ಲ.

ಮೈಯ ಕಾವು ಇಳಿಯುತ್ತ ಹೋದಾಗ ಮೊದಲು ನಡುಕ, ಆಮೇಲೆ ಕೈಯ ತಡವರಿಕೆ, ಆಮೇಲೆ ಮಾತಿನ ತೊದಲು, ಆಮೇಲೆ ಬುದ್ಧಿಯ ಮಂಕು ಬರುತ್ತವೆ. ಹಿಮ ಬೀಳಬೇಕೆಂದೇನೂ ಇಲ್ಲ. ಮಳೆ, ಗಾಳಿ, ಹತ್ತು ಡಿಗ್ರಿಯ ಚಳಿ ಮೂರೂ ಕೂಡಿದರೆ ಸಾಕು. ಸೊಸೆ ಒಬ್ಬಳೇ ಗುಡಾರ ನಿಲ್ಲಿಸಿದಳು. ಅವನ ಒದ್ದೆ ಬಟ್ಟೆಯನ್ನೆಲ್ಲ ತೆಗೆಸಿ, ಒರಸಿ, ಒಣ ಉಡುಪು ತೊಡಿಸಿ, ಮಲಗುವ ಚೀಲದೊಳಗೆ ಸೇರಿಸಿದಳು. ದಪ್ಪ ಪ್ಲಾಸ್ಟಿಕ್ ಚೀಲದ ಒಳಗೆ ಬಿಗಿದು ತಂದಿದ್ದುದರಿಂದ ಆ ಚೀಲಗಳಿಗೆ ಒಂದು ಹನಿ ನೀರೂ ತಾಕಿರಲಿಲ್ಲ. ನಾನು ಕಾಯಿಸಿದ ನೀರನ್ನು ಎರಡು ಬಾಟಲಿಗೆ ತುಂಬಿ, ಕಾಲುಚೀಲ ಸುತ್ತಿ, ಅವನ ಕಂಕುಳಲ್ಲಿಟ್ಟಳು. ಹಾಲಿನ ಪುಡಿಗೂ ಬೆಲ್ಲಕ್ಕೂ ಬಿಸಿನೀರು ಬೆರಸಿ ಗುಟುಕು ಗುಟುಕಾಗಿ ಕುಡಿಸಿದಳು.

ನಾನು ಮಾಡಿದುದು ಸರೋವರದಿಂದ ನೀರು ತರುವ ಕೆಲಸ. ಹಿತ್ತಾಳೆಯ ಚೊಂಬು ಅಂದು ಆ ಒಂದು ಉಪಯೋಗಕ್ಕೆ ಬಂತು. ಅದಕ್ಕೆ ಅಡುಗೆಯ ಪಾತ್ರೆಯೂ ಸಾಕಾಗುತ್ತಿತ್ತು.

ಒಂದು ಗಂಟೆ ಕಳೆದ ಮೇಲೆ ಅವನ ನಡುಕ ನಿಂತಿತು. “ಅಪ್ಪ ಊಟ ಮಾಡಿದರೇ?” ಎಂದು ಕೇಳಿದ. ಮಾತು ಸ್ಪಷ್ಟವಾಗಿತ್ತು. ಸೊಸೆ ಮುಖ ತಿರುಗಿಸಿ ಕಣ್ಣೊರಸಿಕೊಂಡಳು. ನಾನು ಗುಡಾರದ ಹೊರಗೆ ಬಂದು ಮಳೆಯಲ್ಲಿ ನಿಂತೆ.

ದಂಡ

ಮರುದಿನ ಬಿಸಿಲು ಚಿನ್ನದಂತೆ ಬಂತು. ಎಲ್ಲರಿಗಿಂತ ಮೊದಲು ಎದ್ದು, ನನ್ನ ಮೂಟೆಯ ತಳದಿಂದ ಫಿಲ್ಟರನ್ನು ತೆಗೆದು, ಪುಡಿ ಹಾಕಿ, ಬಿಸಿನೀರು ಹೊಯ್ದೆ. ಡಿಕಾಕ್ಷನ್ ಹನಿಹನಿಯಾಗಿ ಇಳಿಯುವವರೆಗೆ ಬಂಡೆಯ ಮೇಲೆ ಕುಳಿತಿದ್ದೆ. ಮಗ ಎದ್ದು ಬಂದಾಗ ಲೋಟ ಕೈಗಿತ್ತು, ನಡೆದುದನ್ನೆಲ್ಲ ಹೇಳಿದೆ. ಹಾಸಿಗೆಯ ಕೆಳಗೆ ತಳ್ಳಿದ ಉಣ್ಣೆ, 1,600ಕ್ಕೆ 1,600, ಏನನ್ನೂ ಮುಚ್ಚಿಡಲಿಲ್ಲ.

ಅವನು ಕಾಫಿ ಮುಗಿಸುವವರೆಗೂ ಸುಮ್ಮನಿದ್ದ. “ಒಳಗೊಂದಿಟ್ಟು ಚೀಟಿಯಲ್ಲಿ ಇನ್ನೊಂದು ಬರೆದವರಿಗೆ ನಿಮ್ಮ ಕಚೇರಿಯಲ್ಲಿ ದಂಡ ಎಷ್ಟಿತ್ತು, ಅಪ್ಪ?”

“ಹಿಂದಿರುಗುವಾಗ ಅಡುಗೆಯ ಮೂಟೆ ನಾನೇ ಹೊರುತ್ತೇನೆ.”

“ಅದು ಆಗಲೇ ಅರ್ಧ ಖಾಲಿ. ಪಾರ್ಸೆಲ್ ಕಚೇರಿಯವರ ಲೆಕ್ಕವೇ ಲೆಕ್ಕ,” ಎಂದು ನಕ್ಕ. ಆ ನಗೆಯಿಂದ ನನ್ನೆದೆಯ ಮೇಲಿನದೊಂದು ಮೂಟೆ ಇಳಿಯಿತು. “ಕಾಫಿ ಚೆನ್ನಾಗಿದೆ,” ಎಂದೂ ಸೇರಿಸಿದ.

ಅಂದು ಬಿಡಾರವನ್ನು ಅಲ್ಲಿಯೇ ಬಿಟ್ಟು, ಒಣಗಿದ ಬಟ್ಟೆ, ಮಳೆಯಂಗಿ, ಬುತ್ತಿಗಳ ಒಂದೇ ಚೀಲದೊಡನೆ ನೈಫ್ ಸರೋವರಕ್ಕೆ ಹೋದೆವು. ಮಗ ತನ್ನ ಇನ್ನೊಂದು ಉಣ್ಣೆಯಂಗಿಯನ್ನು ನನಗೆ ಕೊಟ್ಟಿದ್ದ. ನೈಫ್ ಸರೋವರದ ಆಚೆಯ ದಡ ಕೆನಡಾ. ಅದರ ಒಂದು ದ್ವೀಪದಲ್ಲಿ ಡೊರೊತಿ ಮೋಲ್ಟರ್ ಎಂಬ ಹೆಂಗಸು 1930ರ ದಶಕದಿಂದ 1986ರಲ್ಲಿ ತೀರಿಕೊಳ್ಳುವವರೆಗೂ ವಾಸವಾಗಿದ್ದಳು. ದಾದಿಯ ಶಿಕ್ಷಣ ಪಡೆದಿದ್ದ ಆಕೆ ದಾರಿ ತಪ್ಪಿದವರಿಗೂ ಗಾಯಗೊಂಡವರಿಗೂ ಆಸರೆಯಾಗಿದ್ದಳು. ದಣಿದು ಬಂದ ಸಾವಿರಾರು ದೋಣಿಗರಿಗೆ ತಾನೇ ತಯಾರಿಸಿದ ‘ರೂಟ್ ಬಿಯರ್’ ಎಂಬ ಸಿಹಿಪಾನಕವನ್ನು ಕೊಡುತ್ತಿದ್ದಳು. ಅವಳ ಮರದ ಮನೆಗಳನ್ನು ಬಿಚ್ಚಿ ತಂದು ಈಲಿಯಲ್ಲಿ ಮತ್ತೆ ಕಟ್ಟಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ದ್ವೀಪದ ಸುತ್ತ ದೋಣಿಯಲ್ಲಿ ಒಂದು ಬಾರಿ ಬಂದೆವು. ರಸ್ತೆಯಿಲ್ಲದ ಕಾಡಿನಲ್ಲಿ ಅರ್ಧ ಶತಮಾನ ಪರರ ದಣಿವನ್ನು ಇಳಿಸಿದವಳ ಜಾಗದಲ್ಲಿ ಮಾತು ಬೇಕೆನಿಸಲಿಲ್ಲ.

ನಾಲ್ಕನೆಯ ದಿನ ಅದೇ 180 ರಾಡ್ ದಾರಿಯಲ್ಲಿ ಹಿಂದಿರುಗಿದೆವು. ಅಡುಗೆಯ ಮೂಟೆ ನನ್ನ ಬೆನ್ನಿನ ಮೇಲಿತ್ತು. ಜಾರಿದ್ದ ಕಲ್ಲನ್ನು ಕಂಡಾಗ ನಿಂತೆ. ನಾನು ಹೊತ್ತು ತಂದ ಆ ಮೂರು ಸಾಮಾನಿನ ತೂಕ ಮೊದಲಿನಿಂದಲೂ ನನ್ನ ಬೆನ್ನಿನ ಮೇಲೆಯೇ ಇದೆಯೆಂದು ಭಾವಿಸಿದ್ದೆ. ನಿಜವಾಗಿ ಅದನ್ನು ಈ ಕಲ್ಲಿನಿಂದ ಮುಂದಕ್ಕೆ ಹೊತ್ತವನು ನನ್ನ ಮಗ. ಮನೆಯೊಳಗೂ ಹೀಗೆಯೇ ಅಲ್ಲವೇ? ಒಬ್ಬನು ಬಿಡಲೊಲ್ಲದ ಹಟದ ತೂಕ ಅವನ ಬೆನ್ನಿಗೆ ತಿಳಿಯುವುದಿಲ್ಲ, ಇನ್ನೊಬ್ಬರ ಬೆನ್ನಿಗೆ ತಿಳಿಯುತ್ತದೆ.

ಈ ಬಗೆಯ ಪ್ರವಾಸಕ್ಕೆ ಹೊರಡುವ ವಾಚಕರಿದ್ದರೆ ಅನುಭವದಿಂದ ಕಲಿತ ನಾಲ್ಕು ಮಾತು ಹೇಳುತ್ತೇನೆ. ಮಳೆಯ ಉಡುಪು, ಮೈಗೆ ಒಂದು ಜೊತೆ ಒಣ ಉಣ್ಣೆ, ಒಣ ಕಾಲುಚೀಲ, ಇವು ಎಷ್ಟೇ ಸೆಕೆಯಿದ್ದರೂ ಮೂಟೆಯಿಂದ ಹೊರಗೆ ಬರಬಾರದು. ಮಲಗುವ ಚೀಲವನ್ನು ನೀರು ಹೋಗದ ಚೀಲದೊಳಗೆ ಕಟ್ಟಬೇಕು. ಒಂದೇ ವಸ್ತು ಎರಡು ಕೆಲಸ ಮಾಡುವಂತಿದ್ದರೆ ಅದಕ್ಕೆ ಮೊದಲ ಮರ್ಯಾದೆ. ಅಡುಗೆಯ ಪಾತ್ರೆಯೇ ತಂಬಿಗೆ, ನೀರಿನ ಬಾಟಲಿಯೇ ಶಾಖದ ಚೀಲ. ಲೈಫ್ ಜಾಕೆಟ್ಟನ್ನು ದೋಣಿಯಲ್ಲಿಡುವುದಲ್ಲ, ಮೈಮೇಲೆ ತೊಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಮೂಟೆಯಲ್ಲಿ ಏನಿದೆಯೆಂಬುದು ಜೊತೆಗಾರರೆಲ್ಲರಿಗೂ ತಿಳಿದಿರಬೇಕು.

ಮನೆಗೆ ಬಂದು ಸಾಮಾನು ಬಿಚ್ಚಿದಾಗ ಕಾದಂಬರಿ ನೀರು ಕುಡಿದು ಉಬ್ಬಿತ್ತು. ಹಳೆಯ ಚಟದಿಂದ ತೂಗಿ ನೋಡಿದೆ: 900 ಗ್ರಾಂ. ಅದರ ಒಂದು ಹಾಳೆಯನ್ನೂ ನಾಲ್ಕು ದಿನಗಳಲ್ಲಿ ತಿರುವಿರಲಿಲ್ಲ. ನಮ್ಮ ಮನೆಯಾಕೆ ಹಾಸಿಗೆಯ ಕೆಳಗಿದ್ದ ಉಣ್ಣೆಯ ಬಟ್ಟೆಗಳನ್ನು ಆಗಲೇ ಕಂಡಿದ್ದಳು. ಒಗೆದು, ಮಡಿಸಿ, ನನ್ನ ದಿಂಬಿನ ಮೇಲೆ ಇಟ್ಟಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಆ ದಂಡವನ್ನು ಮಾತ್ರ ನಾನು ಇನ್ನೂ ಕಟ್ಟುತ್ತಿದ್ದೇನೆ.